ಲಂಡನ್‌ಡೆರಿ ಏರ್‌ಗೆ ಅಂಟಿಸಿದ ಶೋಕ

‘ಡ್ಯಾನಿ ಬಾಯ್’ ಹಾಡನ್ನು ಶವಸಂಸ್ಕಾರಗಳಲ್ಲಿ ಹಾಡುವ ರೂಢಿ ಎಷ್ಟು ಬಲವಾಗಿದೆಯೆಂದರೆ, ಅದರ ಧಾಟಿ ಹುಟ್ಟಿದ್ದೇ ಗೋಳಿನಲ್ಲಿ ಎಂದು ಬಹುಮಂದಿ ನಂಬಿದ್ದಾರೆ. ‘ಲಂಡನ್‌ಡೆರಿ ಏರ್’ ಎನ್ನುವ ಆ ಐರಿಷ್ ಧಾಟಿಗೆ ಒಂದು ಐತಿಹ್ಯವೂ ಇದೆ. 17ನೆಯ ಶತಮಾನದಲ್ಲಿ ಓಕ್ಯಾಹನ್ ಮನೆತನ ಐರ್ಲೆಂಡಿನ ಉತ್ತರದ ಅಲ್‌ಸ್ಟರ್‌ನಲ್ಲಿ ತನ್ನ ನೆಲ ಕಳೆದುಕೊಂಡಿತು. ಆ ಕುಲದ ಕುರುಡು ಹಾರ್ಪ್ ವಾದಕ ರೋರಿ ಡಾಲ್ ಆ ದುಃಖದಲ್ಲಿ ಇದನ್ನು ನುಡಿಸಿದ. ಯಕ್ಷಿಣಿಯರೇ ಅವನಿಗೆ ಕಲಿಸಿದರು ಎಂದೂ ಹೇಳುತ್ತಾರೆ. ಕಥೆ ಸೊಗಸಾಗಿದೆ. ಆದರೆ ಅದನ್ನು ಚರಿತ್ರೆಯೆಂದು ಒಪ್ಪಲು ಆಧಾರವಿಲ್ಲ.

ಧಾಟಿ ಮೊದಲು ಅಚ್ಚಾದದ್ದು 1855ರಲ್ಲಿ, ಡಬ್ಲಿನ್‌ನ ಜಾರ್ಜ್ ಪೀಟ್ರಿಯ ಸಂಗ್ರಹದಲ್ಲಿ. ಕೊಟ್ಟವರು ಲಿಮವ್ಯಾಡಿಯ ಜೇನ್ ರಾಸ್. ಬಹಳ ಹಳೆಯದು ಎನ್ನುವುದರ ಹೊರತು ಅಲ್ಲಿ ಹೆಸರಿಲ್ಲ, ಸಾಹಿತ್ಯವಿಲ್ಲ, ಓಕ್ಯಾಹನ್ ಮಾತೇ ಇಲ್ಲ. ಧಾಟಿಗಳ ಹಿನ್ನೆಲೆಯನ್ನು ಆಸ್ಥೆಯಿಂದ ಬರೆಯುತ್ತಿದ್ದ ಪೀಟ್ರಿ, ಇಂಥ ಕಥೆ ಕಿವಿಗೆ ಬಿದ್ದಿದ್ದರೆ ಬಿಡುತ್ತಿದ್ದರೆ?

ಇನ್ನೊಂದು ಬಣ, ಧಾಟಿಯ ನಡೆ ಐರಿಷ್ ಹಾಡುಗಳ ನಡುವೆ ವಿಚಿತ್ರವಾಗಿದೆ, ಆದ್ದರಿಂದ ರಾಸ್ ತಾವೇ ಕಟ್ಟಿ ಜನಪದವೆಂದು ಸಾಗಿಸಿದರು ಎನ್ನುತ್ತದೆ. ತನ್ನದೆಂದು ಎಂದೂ ಹೇಳಿಕೊಳ್ಳದ ಹೆಂಗಸಿನ ಮೇಲೆ ಇದು ಅನ್ಯಾಯದ ಆರೋಪ. ಇದಕ್ಕೆ ಸಮರ್ಥ ಉತ್ತರ ಬಂದದ್ದು 1934ರಲ್ಲಿ. ಮೂರು ಮಾತ್ರೆಯ ನಡೆಯನ್ನು ರಾಸ್ ನಾಲ್ಕು ಮಾತ್ರೆಯಾಗಿ ಬರೆದುಕೊಂಡಿರಬೇಕು ಎಂದು ಜನಪದ ಸಂಗೀತ ಸಂಶೋಧಕಿ ಆ್ಯನ್ ಗಿಲ್‌ಕ್ರಿಸ್ಟ್ ವಾದಿಸಿದರು. ಹಾಗೆ ತಿದ್ದಿ ನುಡಿಸಿದರೆ ವಿಚಿತ್ರವೆನಿಸಿದ್ದ ಧಾಟಿ ಐರಿಷ್ ಹಾಡುಗಳ ನಡುವೆ ಸಹಜವಾಗಿ ಕೂರುತ್ತದೆ. 1974ರಲ್ಲಿ ಸಂಶೋಧಕ ಹ್ಯೂ ಶೀಲ್ಡ್ಸ್ ಇದರ ನಂಟನ್ನು ‘ಯುವಕನ ಕನಸು’ ಎಂಬ ಹಳೆಯ ಐರಿಷ್ ಹಾಡಿನಲ್ಲಿ ಗುರುತಿಸಿದರು. ಅದನ್ನು ಧಾಟಿಗಳ ಸಂಗ್ರಾಹಕ ಎಡ್ವರ್ಡ್ ಬಂಟಿಂಗ್ 1796ರಲ್ಲೇ ಪ್ರಕಟಿಸಿದ್ದ. ಅವನಿಗೆ ಅದನ್ನು ನುಡಿಸಿ ತೋರಿಸಿದವನು ಡೆನಿಸ್ ಹೆಂಪ್ಸನ್, ಲಿಮವ್ಯಾಡಿಗೆ ಹತ್ತಿರದ ಮಗಿಲಿಗನ್‌ನ ಹಾರ್ಪ್ ವಾದಕ. ಹೋಲಿಕೆ ಪೂರ್ತಿಯಲ್ಲ, ನಿಜ. ಆದರೂ ಯಕ್ಷಿಣಿಯರಿಗಿಂತ ನೆರೆಯೂರಿನ ವಾದಕ ನಂಬಲು ಯೋಗ್ಯ. ಹೆಸರೇ ಹೇಳುವಂತೆ ಅದು ಕನಸಿನ ಹಾಡು, ಸಾವಿನದಲ್ಲ.

ಐರ್ಲೆಂಡಿನ ನಿಜವಾದ ಪ್ರಲಾಪಕ್ಕೆ ಬೇರೆಯೇ ಸಂಪ್ರದಾಯವಿತ್ತು. ಹೆಣದ ಬಳಿ ಹೆಂಗಸರು ಎತ್ತುತ್ತಿದ್ದ ಆ ದನಿ ಅರೆ ಮಾತು, ಅರೆ ಹಾಡು, ತಾಳಕ್ಕೆ ಕಟ್ಟುಬೀಳದ್ದು. ಸುಮಾರು ಒಂದೂವರೆ ಸ್ಥಾಯಿ ಏರಿಳಿಯುವ, ಸಮನಾಗಿ ಕತ್ತರಿಸಿದ ಸಾಲುಗಳ ಈ ಧಾಟಿಯನ್ನು ಅದರ ಪಕ್ಕದಲ್ಲಿ ಕೂರಿಸಿದರೆ ಆ ಹೆಂಗಸರ ಕಲೆಗೇ ಅಪಚಾರ.

ಶೋಕ ಬಂದದ್ದು ಮಾತಿನಿಂದ. ಇಂಗ್ಲೆಂಡಿನ ವಕೀಲ ಫ್ರೆಡ್ರಿಕ್ ವೆದರ್ಲಿ 1910ರಲ್ಲಿ ಬೇರೊಂದು ಧಾಟಿಗೆ ಬರೆದಿದ್ದ ಅಗಲಿಕೆಯ ಸಾಹಿತ್ಯವನ್ನು ಇದಕ್ಕೆ ಹೊಂದಿಸಿ 1913ರಲ್ಲಿ ಪ್ರಕಟಿಸಿದ. ಗಾಯಕರು ಅದನ್ನು ಎಳೆದೆಳೆದು ಹಾಡಿದರು, ಕೇಳುಗರು ಅತ್ತರು. ಆ ಕಣ್ಣೀರು ನಿಜವೇ. ಆದರೆ ಅದನ್ನೇ ಮೂರು ಶತಮಾನ ಹಿಂದಕ್ಕೆ ಹರಿಸಿ ಒಬ್ಬ ಪಾಳೆಯಗಾರನ ಮನೆತನಕ್ಕೆ ಒಪ್ಪಿಸಿದಾಗ, ಧಾಟಿಯನ್ನು ಉಳಿಸಿಕೊಂಡು ಬಂದ ಬಡ ವಾದಕರು ಲೆಕ್ಕದಿಂದಲೇ ಹೊರಬೀಳುತ್ತಾರೆ. ಕಛೇರಿಯ ಪಟ್ಟಿಯಲ್ಲಿ ಇದನ್ನು ‘ಓಕ್ಯಾಹನ್‌ನ ಪ್ರಲಾಪ’ ಎಂದು ಅಚ್ಚುಹಾಕುವವರು ಇನ್ನಾದರೂ ಹೀಗೆ ಬರೆಯಲಿ: ರಚನೆ ಅಜ್ಞಾತ, ಸಂಗ್ರಹ ಜೇನ್ ರಾಸ್, ಲಿಮವ್ಯಾಡಿ, ಮುದ್ರಣ 1855.