ಕಾಣದೇ ಉಳಿದ ಬಿಳಿ ಆಕೃತಿ

ನಡುರಾತ್ರಿ, ಕಾಡಿನ ನಡುವೆ ಒಂದು ಟೆಂಟ್. ಹೊರಗಿನಿಂದ ಯಾರೋ ಅದನ್ನು ಹಿಡಿದು ಅಲುಗಾಡಿಸುತ್ತಾರೆ. ಒಳಗಿದ್ದ ಮೂವರು ಎದ್ದೆನೋ ಬಿದ್ದೆನೋ ಎಂದು ಕತ್ತಲಿಗೆ ಓಡುತ್ತಾರೆ. ಓಡುತ್ತಲೇ ಅವರಲ್ಲೊಬ್ಬಳಾದ ಹೆದರ್ ಪಕ್ಕದಲ್ಲಿ ಏನನ್ನೋ ಕಂಡು ಚೀರುತ್ತಾಳೆ. ಕ್ಯಾಮೆರಾ ಮಾತ್ರ ಅತ್ತ ತಿರುಗುವುದಿಲ್ಲ.

‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಚಿತ್ರದ ಈ ದೃಶ್ಯವನ್ನು ಯೋಜಿಸಿದ್ದು ಹೀಗಲ್ಲ. ಚಿತ್ರದ ಕಲಾ ನಿರ್ದೇಶಕರೇ ಬಿಳಿ ಬಟ್ಟೆ ತೊಟ್ಟು ಆ ಕತ್ತಲಲ್ಲಿ ನಿಂತಿದ್ದರು. ಕ್ಯಾಮೆರಾ ಎಡಕ್ಕೆ ಹೊರಳಿ ಅವರನ್ನು ಹಿಡಿಯಬೇಕಿತ್ತು. ಓಟದ ಗಡಿಬಿಡಿಯಲ್ಲಿ ಕ್ಯಾಮೆರಾ ಹಿಡಿದವರಿಗೆ ಅದು ಮರೆತೇಹೋಯಿತು. ನಿರ್ದೇಶಕರಾದ ಡೇನಿಯಲ್ ಮೈರಿಕ್ ಮತ್ತು ಎಡುವಾರ್ಡೊ ಸಾಂಚೆಜ್ ಆ ಆಕೃತಿ ಇಲ್ಲದೆಯೇ ದೃಶ್ಯವನ್ನು ಇಟ್ಟುಕೊಂಡರು. ಅವಳು ಕಂಡದ್ದೇನು ಎಂದು ಇಂದಿಗೂ ಪ್ರೇಕ್ಷಕ ತಾನೇ ಊಹಿಸಿಕೊಂಡು ನಡುಗುತ್ತಾನೆ.

ಕಾಲೇಜು ಹುಡುಗರು ತಾವು ಮಾಡಿದ ಹಾರರ್ ಕಿರುಚಿತ್ರಗಳನ್ನು ಆಗಾಗ ನನಗೆ ತೋರಿಸುತ್ತಾರೆ. ಹಾಳುಬಿದ್ದ ಮನೆ, ಬಾಗಿಲ ಸಂದಿಯ ಬೆಳಕು, ಎಲ್ಲವೂ ಚೆನ್ನಾಗಿರುತ್ತದೆ. ಕೊನೆಗೆ ದೆವ್ವ ಮುಖ ತೋರಿಸುತ್ತದೆ, ಅಲ್ಲಿಗೆ ಭಯ ಮುಗಿಯುತ್ತದೆ. ಆ ಮುಖವನ್ನು ತೆಗೆದುಹಾಕಿ ಎಂದರೆ ‘ಮೇಕಪ್ಪಿಗೇ ನಾಲ್ಕು ಗಂಟೆ ಆಯ್ತು ಸರ್’ ಅನ್ನುತ್ತಾರೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಪ್ರೇಕ್ಷಕನಿಗೆ ಆ ನಾಲ್ಕು ಗಂಟೆ ಕಾಣಿಸುವುದಿಲ್ಲ. ಅದಕ್ಕೇ ಅವರಿಗೆಲ್ಲ ‘ಬ್ಲೇರ್ ವಿಚ್’ ನೋಡಿ ಎನ್ನುತ್ತೇನೆ. ಇದರ ಕಥೆ ಮೂವರು ಸಿನಿಮಾ ವಿದ್ಯಾರ್ಥಿಗಳದ್ದು. ಮಾಡಿದವರೂ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಕಲಿತು ಹೊರಬಂದವರು.

ಚಿತ್ರೀಕರಣ ನಡೆದದ್ದು 1997ರ ಅಕ್ಟೋಬರ್‌ನಲ್ಲಿ, ಎಂಟು ದಿನ, ಮೇರಿಲ್ಯಾಂಡಿನ ಕಾಡಿನಲ್ಲಿ. ಕ್ಯಾಮೆರಾಗಳನ್ನು ನಟರ ಕೈಗೇ ಕೊಟ್ಟರು. ದಿನದ ಸೂಚನೆಗಳು ಚೀಟಿಗಳಲ್ಲಿ ಬರುತ್ತಿದ್ದವು, ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ದಿನ ಕಳೆದಂತೆ ಊಟವನ್ನೂ ಕಡಿಮೆ ಮಾಡಿದರು. ರಾತ್ರಿ ಟೆಂಟಿನ ಹೊರಗೆ ಮಕ್ಕಳ ದನಿಯ ಟೇಪ್ ಹಾಕಿದರು.

ಹೀಗೆ ಕೈಗೆ ಬಂದದ್ದು ಸುಮಾರು ಇಪ್ಪತ್ತು ಗಂಟೆಗಳ ಫುಟೇಜ್. ಉಳಿದದ್ದು ಒಂದೂಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಎಡಿಟಿಂಗ್ ತಿಂಗಳುಗಟ್ಟಲೆ ಹಿಡಿಯಿತು. ಮೊದಲಿದ್ದ ಯೋಚನೆಯೇ ಬೇರೆ: ಕಳೆದುಹೋದ ವಿದ್ಯಾರ್ಥಿಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ, ಅದರಲ್ಲಿ ಸಂದರ್ಶನಗಳು, ಸುದ್ದಿ ತುಣುಕುಗಳು, ನಡುನಡುವೆ ಈ ಕಾಡಿನ ಫುಟೇಜ್. ಎಡಿಟಿಂಗ್ ಟೇಬಲ್ಲಿನಲ್ಲಿ ಅದನ್ನೆಲ್ಲ ಪಕ್ಕಕ್ಕಿಟ್ಟು ಕಾಡಿನ ಫುಟೇಜನ್ನಷ್ಟೇ ಉಳಿಸಿಕೊಂಡರು. ಚಿತ್ರವನ್ನು ಚಿತ್ರವಾಗಿಸಿದ್ದು ಈ ತೀರ್ಮಾನ. ನಡುವೆ ಒಬ್ಬ ತಜ್ಞ ಬಂದು ಕುಳಿತು ಮಾತಾಡಿದ್ದರೆ ನಾವು ಕಾಡಿನಿಂದ ಹೊರಬಂದು ಉಸಿರಾಡಿಬಿಡುತ್ತಿದ್ದೆವು. ಇದೇ ಕಾರಣಕ್ಕೆ ಕಥೆ ನಡೆಯುವಷ್ಟು ಹೊತ್ತೂ ಹಿನ್ನೆಲೆ ಸಂಗೀತವೂ ಇಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕೊನೆಯ ಶಾಟ್. ಪಾಳು ಮನೆಯ ನೆಲಮಾಳಿಗೆ. ಮೂವರಲ್ಲೊಬ್ಬನಾದ ಮೈಕ್ ಮೂಲೆಗೆ ಮುಖ ಮಾಡಿ ಸುಮ್ಮನೆ ನಿಂತಿದ್ದಾನೆ, ಹೆದರ್ ಹಿಡಿದ ಕ್ಯಾಮೆರಾ ನೆಲಕ್ಕೆ ಬೀಳುತ್ತದೆ. ಅಷ್ಟೇ. ಇದು ಅರ್ಥವಾಗುವುದಿಲ್ಲ ಎಂದು ವಿತರಕರು ಆತಂಕಪಟ್ಟರು. ಬೇರೆ ಅಂತ್ಯಗಳ ಚಿತ್ರೀಕರಣವೂ ಆಯಿತು. ಕಡೆಗೆ ನಿರ್ದೇಶಕರು ಮೂಲೆಯಲ್ಲಿ ನಿಂತ ಆ ಬೆನ್ನನ್ನೇ ಉಳಿಸಿಕೊಂಡರು. ಬದಲಾಯಿಸಿದ್ದು ಆರಂಭವನ್ನು. ಹಿಂದೊಬ್ಬ ಕೊಲೆಗಾರ ಒಂದು ಮಗುವನ್ನು ಮೂಲೆಗೆ ಮುಖಮಾಡಿ ನಿಲ್ಲಿಸಿ ಇನ್ನೊಂದನ್ನು ಕೊಲ್ಲುತ್ತಿದ್ದ ಎಂದು ಊರಿನವರೊಬ್ಬರು ಹೇಳುವ ಮಾತನ್ನು ಮೊದಲ ಭಾಗದಲ್ಲಿ ಸೇರಿಸಿದರು. ಹಗಲು ಬೆಳಕಿನಲ್ಲಿ, ಹರಟೆಯ ದನಿಯಲ್ಲಿ ಬರುವ ಮಾತು. ನಾವು ಕೇಳಿ ಮರೆತಿರುತ್ತೇವೆ. ಕೊನೆಯಲ್ಲಿ ಆ ಬೆನ್ನು ಕಂಡಾಗ ಅದು ತಾನಾಗಿ ನೆನಪಾಗುತ್ತದೆ. ಅಂತ್ಯ ಕೈಕೊಟ್ಟಿತು ಅನ್ನಿಸಿದಾಗ ರೋಗ ಮೊದಲ ರೀಲಿನಲ್ಲಿರಬಹುದು ಎಂದು ನಾನು ಹುಡುಗರಿಗೆ ಹೇಳುವುದು ಇದನ್ನು ನೋಡಿಯೇ.

ಪಾತ್ರಗಳೇ ಹಿಡಿದ ಕ್ಯಾಮೆರಾದ ಫುಟೇಜಿನಲ್ಲೇ ಕಥೆ ಹೇಳುವ ಈ ಬಗೆ ಕನ್ನಡದಲ್ಲಿ ‘6-5=2’ (2013) ಚಿತ್ರದಲ್ಲಿ ಬಂತು. ಆದರೆ ಕಾಣಿಸದೇ ಹೆದರಿಸುವ ವಿದ್ಯೆ ನಮಗೆ ಅದಕ್ಕೂ ಮೊದಲೇ ಗೊತ್ತಿತ್ತು. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ದೆವ್ವವನ್ನು ಹಿಂದಕ್ಕೆ ಕಳಿಸಲು ‘ನಾಳೆ ಬಾ’ ಎಂದು ಬರೆದದ್ದನ್ನು ನೆನಪಿಸಿಕೊಳ್ಳಿ. ಆ ದೆವ್ವಕ್ಕೆ ಮೇಕಪ್ ಇರಲಿಲ್ಲ. ನಮ್ಮವರದೇ ದನಿಯಲ್ಲಿ ಬಾಗಿಲಾಚೆಯಿಂದ ಹೆಸರು ಹಿಡಿದು ಕರೆಯುತ್ತದೆ ಎನ್ನುತ್ತಿದ್ದರು. ಬ್ಲೇರ್ ವಿಚ್ಚಿನಲ್ಲಿಯೂ ಮೂವರಲ್ಲಿ ಕಾಣೆಯಾದ ಜೋಶ್‌ನ ದನಿ ಕತ್ತಲಿನಿಂದ ಕೂಗುತ್ತದೆ, ಗೆಳೆಯರು ಅದನ್ನೇ ಹಿಂಬಾಲಿಸಿ ಆ ಪಾಳು ಮನೆಗೆ ಹೋಗುತ್ತಾರೆ.

ಈ ವರ್ಷ ಹಾರರ್ ಕಿರುಚಿತ್ರ ಮಾಡುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಟೈಮ್‌ಲೈನಿನ ಒಂದು ಪ್ರತಿ ಮಾಡಿಕೊಳ್ಳಿ. ಅದರಲ್ಲಿ ದೆವ್ವದ ಮುಖವಿರುವ ಶಾಟ್‌ಗಳನ್ನೂ ಹಿನ್ನೆಲೆ ಸಂಗೀತವನ್ನೂ ತೆಗೆದುಹಾಕಿ. ಕಥೆ ಗೊತ್ತಿಲ್ಲದ ಒಬ್ಬರನ್ನು ಕರೆದು, ದೀಪ ಆರಿಸಿ ತೋರಿಸಿ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ.