ಜಲಪಾತ ಕಂಡ ಕಣ್ಣಿಗೆ ಹೊಳೆ ಕಾಣಲಿಲ್ಲ

ಸೇಲಂ–ಧರ್ಮಪುರಿ ಸೀಮೆಯ ನಿಸರ್ಗಚಿತ್ರಗಳಿಗೆ ಇನ್ನೂರು ವರ್ಷ ದಾಟಿದ ಚರಿತ್ರೆಯಿದೆ. ಕೋಟೆ, ಬಂಡೆ, ಜಲಪಾತಗಳನ್ನು ಅವು ಚೆನ್ನಾಗಿಯೇ ತೋರಿಸಿವೆ. ಇಲ್ಲಿನ ಕಾವೇರಿಯನ್ನು ಕಾಯುವ ಕೆಲಸಕ್ಕೆ ಅವು ಎಷ್ಟು ಒದಗಿವೆ ಎಂದು ಲೆಕ್ಕ ಹಾಕಿದರೆ ಮಾತ್ರ ಕೈಗೆ ಸಿಗುವುದು ಅಲ್ಪ.

ಈ ಪರಂಪರೆ ಶುರುವಾದದ್ದೇ ಯುದ್ಧದ ಬೆನ್ನಿಗೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಇಲ್ಲಿನ ಬಾರಾಮಹಲ್ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದೇ ವರ್ಷ ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಇಲ್ಲಿ ಹಾದುಹೋದರು. ಅವರ ‘ಓರಿಯೆಂಟಲ್ ಸೀನರಿ’ಯ 1801ರ ಸಂಪುಟದಲ್ಲಿ ರಾಯಕೋಟೆ, ವೀರಭದ್ರದುರ್ಗಗಳ ನೋಟಗಳಿವೆ. ಗೆದ್ದ ಸೀಮೆ ಎಷ್ಟು ಚೆಂದ ಎಂದು ಲಂಡನ್ನಿನ ಓದುಗ ಬೆರಗಾದರೆ ಸಾಕಿತ್ತು. ಆ ಸೀಮೆಯ ನೀರು ಯಾರ ಹೊಲಕ್ಕೆ ಹರಿಯುತ್ತದೆ ಎಂಬುದು ಅವನಿಗೆ ಬೇಡದ ಸಂಗತಿ.

ಕ್ಯಾಮೆರಾ ಬಂದ ಮೇಲೂ ದೃಷ್ಟಿ ಹೆಚ್ಚು ಬದಲಾಗಲಿಲ್ಲ. ಮದ್ರಾಸ್ ಸರ್ಕಾರದ ಛಾಯಾಗ್ರಾಹಕ ಲಿನೇಯಸ್ ಟ್ರೈಪ್ ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ಚಿತ್ರಗಳ ಆಲ್ಬಮ್ಮನ್ನು 1858ರಲ್ಲಿ ಹೊರತಂದ. ಅಂದಿನ ಕಾಗದದ ನೆಗೆಟಿವ್‌ನಿಂದ ತೆಗೆದ ಪ್ರತಿಯಲ್ಲಿ ಆಕಾಶ ಬರೀ ಬಿಳಿಯಾಗಿ ಉಳಿಯುತ್ತಿತ್ತು. ಟ್ರೈಪ್ ನೆಗೆಟಿವ್ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಮೂಡಿಸುತ್ತಿದ್ದ. ಕುಶಲ ಕೆಲಸವೇ ಸರಿ. ಆದರೆ ಇದ್ದದ್ದನ್ನು ಇದ್ದಂತೆ ದಾಖಲಿಸುವುದಕ್ಕಿಂತ ನೋಟವನ್ನು ಅಂದಗಾಣಿಸುವ ಚಾಳಿ ಅಂದಿನಿಂದಲೇ ಜೊತೆಗಿದೆ. ಕಾವೇರಿಯ ಹೊಗೇನಕಲ್ ಜಲಪಾತದಲ್ಲಿ ತೆಪ್ಪ, ನೊರೆ, ಕರಿಬಂಡೆಯನ್ನಷ್ಟೇ ಫ್ರೇಮಿಗೆ ಸೇರಿಸಿ, ದಡದ ಪ್ಲಾಸ್ಟಿಕ್ಕನ್ನು ಹೊರಗಿಡುವ ಇಂದಿನ ಪ್ರವಾಸಿಯೂ ಅದೇ ಮನೆತನದವನು.

ಇದೇ ಕಾವೇರಿಗೆ ಅಡ್ಡಲಾಗಿ ಮೇಚೇರಿಗೆ ಹತ್ತಿರ ಕಟ್ಟಿದ ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. 120 ಅಡಿ ಮಟ್ಟ, 93.47 ಟಿಎಂಸಿ ನೀರು. ಊರುಗಳು ಮುಳುಗಿದವು. ನೀರು ತೀರಾ ಇಳಿದಾಗ ಪಣ್ಣವಾಡಿಯ ಬಳಿ ಜಲಕಂಠೇಶ್ವರ ಗುಡಿಯ ನಂದಿ ಮತ್ತು ಹಳೆಯ ಇಗರ್ಜಿಯ ಗೋಪುರ ಮೇಲೆದ್ದು ಬರುತ್ತವೆ, ಪತ್ರಿಕೆಗಳು ಆ ಫೋಟೊ ಹಾಕುತ್ತವೆ. ಓದುಗ ವಿಸ್ಮಯಪಟ್ಟು ಪುಟ ತಿರುಗಿಸುತ್ತಾನೆ. ಹಿನ್ನೀರಿನಲ್ಲಿ ಹಸಿರು ಪಾಚಿ ಕಟ್ಟಿ ನಾರುವ ದಿನಗಳ ಚಿತ್ರಕ್ಕೆ ಅಷ್ಟು ಜಾಗ ಸಿಗುವುದಿಲ್ಲ.

ಹಾಗಾದರೆ ಚಿತ್ರಕ್ಕೆ ನದಿ ಉಳಿಸುವ ಶಕ್ತಿಯೇ ಇಲ್ಲವೇ? ಇದೆ, ಅದು ವಾದದ ಜೊತೆ ಕೂಡಿಕೊಂಡಾಗ. ಚೆನ್ನೈನ ಶೇಖರ್ ದತ್ತಾತ್ರಿಯವರ 2001ರ ಕುದುರೆಮುಖ ಸಾಕ್ಷ್ಯಚಿತ್ರ ಗಣಿಯ ಹೂಳು ಭದ್ರಾ ನದಿಗೆ ಇಳಿಯುವುದನ್ನು ತೋರಿಸಿತು. ಹೋರಾಟಗಾರರ ಕೈಯಲ್ಲಿ ಕಾನೂನಿನ ಪಟ್ಟೂ ಇತ್ತು. ಗಣಿಗಾರಿಕೆ 2005ರ ಕೊನೆಗೆ ನಿಲ್ಲಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆಸ್ಟ್ರೇಲಿಯಾದ ಫ್ರಾಂಕ್ಲಿನ್ ನದಿಯ ಮಂಜಿನ ಬೆಳಗನ್ನು ಪೀಟರ್ ಡೊಂಬ್ರೋವ್‌ಸ್ಕಿಸ್ ತೆಗೆದ ಚಿತ್ರ ಅಪ್ಪಟ ಸೌಂದರ್ಯವೇ. ಆದರೆ 1983ರ ಚುನಾವಣೆಯ ಹೊತ್ತಿಗೆ ಅದು ಪತ್ರಿಕಾ ಜಾಹೀರಾತಾಗಿ, ಇದನ್ನು ನಾಶಮಾಡುವ ಪಕ್ಷಕ್ಕೆ ಮತ ಹಾಕುತ್ತೀರಾ ಎಂದು ನೇರವಾಗಿ ಕೇಳಿತು. ಅದೇ ವರ್ಷ ಆ ನದಿಯ ಅಣೆಕಟ್ಟು ಯೋಜನೆ ಬಿದ್ದಿತು. ಅಮೆರಿಕದ ಗ್ಲೆನ್ ಕಣಿವೆಯ ಕಥೆ ಇದಕ್ಕೆ ತಿರುವುಮುರುವು: ಎಲಿಯಟ್ ಪೋರ್ಟರರ ಸೊಗಸಾದ ಪುಸ್ತಕ ಹೊರಬಂದದ್ದು 1963ರಲ್ಲಿ, ಅಣೆಕಟ್ಟಿನ ಗೇಟು ಮುಚ್ಚಿದ ವರ್ಷವೇ.

ಸೌಂದರ್ಯ ತಪ್ಪಲ್ಲ, ಅದಕ್ಕೆ ತಾರೀಖು, ಜಾಗ ಮತ್ತು ಕೇಳುವ ಪ್ರಶ್ನೆ ಇಲ್ಲದಿರುವುದೇ ಈ ಸೀಮೆಯ ಪರಂಪರೆಯ ಕೊರತೆ. ತುಂಬುವುದು ಕಷ್ಟವೇನಲ್ಲ. ಮೆಟ್ಟೂರು ಜಲಾಶಯದ ಮಟ್ಟ ದಿನವೂ ಪ್ರಕಟವಾಗುತ್ತದೆ. ಮೇಚೇರಿ, ಮೆಟ್ಟೂರು, ಪೆನ್ನಾಗರಂ ಕಡೆಯ ಫೋಟೊಗ್ರಾಫರುಗಳು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಹೊಳೆಯ ಚಿತ್ರ ತೆಗೆದು, ಅಡಿಯಲ್ಲಿ ತಾರೀಖು ಮತ್ತು ಮಟ್ಟ ಬರೆದಿಡಲಿ. ಮುಳುಗಿದ ಊರುಗಳ ಹಳೆಯ ಫೋಟೊ ಯಾರದಾದರೂ ಮನೆಯ ಟ್ರಂಕಿನಲ್ಲಿದ್ದರೆ ಅದರ ಪ್ರತಿ ತೆಗೆಸಿ ಊರಿನ ಗ್ರಂಥಾಲಯಕ್ಕೆ ಕೊಡಲಿ.