ಮೇಳದ ಪಂಗಡ, ಮತದ ಪಂಗಡ: ಇಂಡಿ ಸೀಮೆಯ ಲಾವಣಿ ಮತ್ತು ರಿವಾಯತ್ ಪರಂಪರೆ

ಉತ್ತರ ಕರ್ನಾಟಕದ ಮೊಹರಂ ಮತ್ತು ಲಾವಣಿ ಪರಂಪರೆಗಳನ್ನು ಕುರಿತ ಬಹುಪಾಲು ಬರಹಗಳು ‘ಭಾವೈಕ್ಯ’ ಎಂಬ ಒಂದೇ ಪದದಲ್ಲಿ ತಮ್ಮ ತೀರ್ಮಾನವನ್ನು ಮುಗಿಸುತ್ತವೆ. ಹಿಂದೂಗಳೂ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಮುಸ್ಲಿಂ ಮನೆಗಳಿಲ್ಲದ ಊರಿನಲ್ಲೂ ಪಂಜಾ ಕೂರುತ್ತದೆ; ಆದ್ದರಿಂದ ಇಲ್ಲಿ ಭಾವೈಕ್ಯವಿದೆ ಎಂಬುದು ಆ ವಾದಸರಣಿ. ಇದರಲ್ಲಿ ಸುಳ್ಳಿಲ್ಲ. ಆದರೆ ವಿವರಣೆಯೂ ಇಲ್ಲ. ಜನರನ್ನು ಜಾತಿ ಮತಗಳ ಹೆಸರಿನಲ್ಲಿ ಎರಡಾಗಿಸುವ ರಾಜಕಾರಣವು ಅದೇ ಊರುಗಳಲ್ಲಿ, ಅದೇ ತರುಣರ ನಡುವೆ ಹೇಗೆ ನೆಲೆಯೂರುತ್ತದೆ ಎಂಬ ಪ್ರಶ್ನೆಗೆ ಈ ಪದ ಉತ್ತರ ಕೊಡಲಾರದು. ತಾಂಬಾ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯ ಹಾಡುಗಾರಿಕೆಯನ್ನು ಗಮನವಿಟ್ಟು ನೋಡಿದರೆ ಅಲ್ಲಿ ಕಾಣುವುದು ಐಕ್ಯವಲ್ಲ, ಪಂಗಡ. ನಮ್ಮ ಅಧ್ಯಯನಗಳು ಮರೆತಿರುವುದು ಈ ಪಂಗಡದ ಸ್ವರೂಪವನ್ನು.

ಲಾವಣಿಯಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳಿವೆ. ಒಂದು ಗಂಡು ಹೆಚ್ಚೆಂದು ವಾದಿಸಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ವಾದಿಸುತ್ತದೆ. ತತ್ವದ ಮಟ್ಟದಲ್ಲಿ ಇದು ಶಿವ–ಶಕ್ತಿಯರ ವಾದ. ತುರಾ–ಕಲ್ಗಿ ಎಂಬ ಹೆಸರಿನಿಂದಲೂ ಇದು ಪ್ರಸಿದ್ಧ. ಮರಾಠಿ ಲಾವಣಿಯಲ್ಲಿ, ರಾಜಸ್ಥಾನ ಮತ್ತು ಮಧ್ಯಪ್ರದೇಶಗಳ ಖಯಾಲ್ ಹಾಡುಗಾರಿಕೆಯಲ್ಲಿ ಇದೇ ವಿಭಜನೆ ಇದೆ. ಅಲ್ಲಿಯ ಐತಿಹ್ಯವೊಂದು ತುರಾ ಪಕ್ಷವನ್ನು ತುಕನಗೀರನೆಂಬ ಸನ್ಯಾಸಿಗೂ ಕಲ್ಗಿ ಪಕ್ಷವನ್ನು ಶಾಹ ಅಲಿ ಎಂಬ ಫಕೀರನಿಗೂ ಜೋಡಿಸುತ್ತದೆ. ಸ್ವಾರಸ್ಯವೆಂದರೆ, ಶಕ್ತಿಯ ಪರವಾಗಿ ವಾದಿಸುವವನು ಇಲ್ಲಿ ಫಕೀರ. ಮೂಲದಲ್ಲೇ ಎರಡು ಧರ್ಮದವರು ಎದುರುಬದುರು ನಿಂತಿದ್ದಾರೆ. ಆದರೆ ಜಗಳ ಅವರವರ ಧರ್ಮದ್ದಲ್ಲ. ಹುಟ್ಟು ಒಂದು ಕಡೆ, ವಾದ ಇನ್ನೊಂದು ಕಡೆ. ಗಾಯಕನು ಯಾವ ಪಕ್ಷಕ್ಕೆ ಸೇರುತ್ತಾನೆ ಎಂಬುದನ್ನು ಅವನ ಗುರು ಹಾಗೂ ಮೇಳ ನಿರ್ಧರಿಸುತ್ತವೆ, ಅವನ ಕುಲವಲ್ಲ.

ಇದಕ್ಕೆ ಆಧಾರ ಹಾಡಿನೊಳಗೇ ಇದೆ. ಲಾವಣಿಯಾಗಲಿ ರಿವಾಯತ್ ಪದವಾಗಲಿ, ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಕವಿಯ ಹೆಸರು ಬರುವುದು ವಾಡಿಕೆ. ಎದುರಾಳಿಯನ್ನು ಹೀಗಳೆಯುವ ಮಾತೂ ಅಲ್ಲಿಯೇ ಬರುತ್ತದೆ. ಕಾವ್ಯಗುಣದ ದೃಷ್ಟಿಯಿಂದ ಈ ನುಡಿಗಳು ಸಪ್ಪೆಯೆಂದು ವಿಮರ್ಶಕರು ಅವುಗಳನ್ನು ದಾಟಿ ಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಸಾಮಾಜಿಕ ಆಕರವಾಗಿ ಇಡೀ ಪದದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಅದೇ. ಹಾಡುವವನು ಸಭೆಗೆ ತನ್ನ ಗುರುತನ್ನು ಹೇಳಿಕೊಳ್ಳುವಾಗ ಯಾವುದನ್ನು ಮುಂದಿಟ್ಟ, ಯಾವುದನ್ನು ಬಿಟ್ಟ ಎಂಬುದು ಅಲ್ಲಿ ದಾಖಲಾಗಿರುತ್ತದೆ.

ಈ ಮಾತಿಗೆ ಇಂಡಿ ಸೀಮೆಯ ಹಲಸಂಗಿ ಗೆಳೆಯರಿಗಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ (1905–1993), ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದವರು ಕೂಡಿ ಹೊರತಂದ ‘ಗರತಿಯ ಹಾಡು’ (1931), ‘ಜೀವನ ಸಂಗೀತ’ (1933), ‘ಮಲ್ಲಿಗೆ ದಂಡೆ’ (1935) ಕನ್ನಡ ಜಾನಪದ ಸಂಗ್ರಹದ ಆರಂಭದ ಮೈಲಿಗಲ್ಲುಗಳು. ಮೊದಲ ಸಂಕಲನ ಬಂದಾಗ ಮಧುರಚೆನ್ನರಿಗೆ 28 ವರ್ಷ, ಲಿಂಗಣ್ಣನವರಿಗೆ 26. ಪ್ರಸಿದ್ಧ ಲಾವಣಿಕಾರ ಖಾಜಾಭಾಯಿಯೂ ಅದೇ ಊರಿನವನು. ಸಾಹಿತ್ಯಚರಿತ್ರೆಗಳು ಈ ಗೆಳೆಯರನ್ನು ಸಂಗ್ರಾಹಕರೆಂದು ಹೊಗಳುತ್ತವೆ. ಅವರು ಕೂಡಿ ಕೆಲಸ ಮಾಡಿದ ಕಾಲದ ರಾಜಕಾರಣವನ್ನು ಮಾತ್ರ ಎತ್ತುವುದಿಲ್ಲ. ಬಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1909ರ ಸುಧಾರಣೆಗಳಿಂದ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳು ಬಂದಿದ್ದವು. 1932ರ ಆಗಸ್ಟಿನ ಕೋಮುವಾರು ತೀರ್ಪು ಅದನ್ನು ಇನ್ನಷ್ಟು ವಿಸ್ತರಿಸಿತು. ಅಂದರೆ ‘ಗರತಿಯ ಹಾಡು’ ಮತ್ತು ‘ಜೀವನ ಸಂಗೀತ’ಗಳ ನಡುವಿನ ವರ್ಷದಲ್ಲಿ ಸರ್ಕಾರವು ಮತದಾರರನ್ನು ಧರ್ಮದ ಲೆಕ್ಕದಲ್ಲಿ ಬೇರೆ ಬೇರೆ ಪಟ್ಟಿಗಳಿಗೆ ಹಂಚುತ್ತಿತ್ತು. ಮಧುರಚೆನ್ನರೂ ಧೂಲಾಸಾಹೇಬರೂ ಮತದಾರರಾಗಿದ್ದಲ್ಲಿ ಅವರ ಹೆಸರುಗಳು ಒಂದೇ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅವರು ಒಂದಾಗಿದ್ದುದು ಹಾಡಿನ ಕೆಲಸದಲ್ಲಿ. ಎಲ್ಲರಿಗೂ ಒಂದೇ ಮತದಾರರ ಪಟ್ಟಿ ಎಂಬ ನಿಯಮ ಬಂದದ್ದು ಸಂವಿಧಾನದ 325ನೆಯ ವಿಧಿಯಿಂದ.

ಗೆಳೆಯರು ಶ್ರದ್ಧೆಯನ್ನು ಬದಿಗಿಟ್ಟು ಒಂದಾದವರಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮಧುರಚೆನ್ನರು ಶ್ರೀ ಅರವಿಂದರ ಸಾಧನಾಮಾರ್ಗಕ್ಕೆ ತಮ್ಮನ್ನು ಒಪ್ಪಿಸಿಕೊಂಡ ಅನುಭಾವಿ. ನಂಬಿಗೆ ತೆಳುವಾದಷ್ಟೂ ಸಹಬಾಳ್ವೆ ಗಟ್ಟಿಯಾಗುತ್ತದೆ ಎಂಬ ನಗರದ ವಿದ್ವಾಂಸರ ಎಣಿಕೆಗೆ ಹಲಸಂಗಿ ಒಪ್ಪುವುದಿಲ್ಲ. ಅವರ ಸಂಗ್ರಹಕ್ಕೂ ಮಿತಿಯಿದೆ. ‘ಗರತಿ’ ಎಂಬ ಶಿರೋನಾಮೆಯೇ ಬೀಸುಕಲ್ಲಿನ ಮುಂದಿನ ಹೆಣ್ಣನ್ನು ಒಂದು ಮರ್ಯಾದೆಯ ಚೌಕಟ್ಟಿಗೆ ಹೊಂದಿಸಿಬಿಡುತ್ತದೆ. ಹಾಡಿದವರ ಓಣಿ, ಕಸುಬುಗಳಿಗಿಂತ ಹಾಡಿನ ಚೆಲುವಿನ ಕಡೆಗೆ ಆ ತಲೆಮಾರಿನ ಒಲವು.

ಮೊಹರಂ ಪದಗಳ ಸಂಗತಿ ಇನ್ನೂ ಸೂಕ್ಷ್ಮವಾದುದು. ಕ್ರಿ.ಶ. 680ರ ಕರ್ಬಲಾ ಯುದ್ಧದಲ್ಲಿ ಹುಸೇನರು ಮಡಿದ ಕಥೆಯನ್ನು ಈ ಸೀಮೆಯ ರೈತ ತರುಣರು ಕನ್ನಡದಲ್ಲಿ ಹಾಡುತ್ತಾರೆ. ಹರಕೆ ಹೊತ್ತವನು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರನಾಗುತ್ತಾನೆ. ಮನೆಗಳಲ್ಲಿ ಚೋಂಗೆ ಮಾಡುತ್ತಾರೆ. ಶಿಶುನಾಳ ಶರೀಫರು (1819–1889) ರಿವಾಯತ್ ಪದಗಳನ್ನೂ ರಚಿಸಿದವರು. ಹೆಜ್ಜೆ ಮೇಳಗಳು ಸವಾಲು–ಜವಾಬುಗಳಲ್ಲಿ ಒಂದನ್ನೊಂದು ಸೋಲಿಸಲು ಹೆಣಗುತ್ತವೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಈ ಆಚರಣೆಯ ವೈವಿಧ್ಯವನ್ನು ಕ್ಷೇತ್ರಕಾರ್ಯದ ಬಲದಿಂದ ತೆರೆದಿಟ್ಟ ಕೃತಿ. ಅದರ ನಂತರವೂ ಅನೇಕ ಸಂಶೋಧನ ಪ್ರಬಂಧಗಳು ಹಳೆಯ ಶಬ್ದಕ್ಕೇ ಜೋತುಬಿದ್ದಿರುವುದು ಖೇದದ ಸಂಗತಿ. ಹಲಗೆ ಬಾರಿಸುವ ದಲಿತ ಕಲಾವಿದನಿಲ್ಲದೆ ದೇವರು ಮೆರವಣಿಗೆಗೆ ಹೊರಡದ ಊರುಗಳಿವೆ. ಆದರೆ ಹಬ್ಬ ಮುಗಿದ ಮರುದಿನ ಅವನ ಸ್ಥಾನವೆಲ್ಲಿ ಎಂದು ಇಂಥ ಪ್ರಬಂಧಗಳು ಕೇಳುವುದಿಲ್ಲ. ಎಲ್ಲವೂ ಒಂದಾಗಿದೆ ಎಂದ ಮೇಲೆ ಕೇಳುವುದಾದರೂ ಏನನ್ನು?

ಮೇಳದ ತರುಣನೂ ಮೊದಲ ಬಾರಿಗೆ ವೋಟು ಹಾಕುವ ತರುಣನೂ ಒಬ್ಬನೇ. ಮತದಾನದ ವಯಸ್ಸು 1989ರಲ್ಲಿ 18ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದರೂ ಪಂಗಡರಹಿತವಲ್ಲ. ಚಿಹ್ನೆಯಿಲ್ಲದ ಕಡೆ ಕುಲವೇ ಚಿಹ್ನೆಯಾಗುವುದುಂಟು. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದನ್ನು ಪ್ರಜಾಪ್ರತಿನಿಧಿ ಕಾಯಿದೆಯ 123(3) ಉಪವಿಧಿ ಭ್ರಷ್ಟ ನಡವಳಿಕೆಯೆನ್ನುತ್ತದೆ. ಮತದಾರನ ಧರ್ಮವನ್ನು ಮುಂದಿಟ್ಟು ಕೇಳುವುದೂ ಇದರಲ್ಲಿ ಸೇರುತ್ತದೆಂದು 2017ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ಹೇಳಿತು. ಕಾನೂನು ಭಾಷಣವನ್ನು ತಡೆಯಬಹುದು. ಹುಟ್ಟಿನಿಂದ ಬಾರದ ಪಂಗಡವೊಂದರಲ್ಲಿ ನಿಂತು ಎದುರಾಳಿಯೊಡನೆ ರಾತ್ರಿಯಿಡೀ ವಾದಿಸಿ, ಬೆಳಗಾದಾಗ ಅವನೊಡನೆ ಊಟಕ್ಕೆ ಕೂರುವ ಅಭ್ಯಾಸವನ್ನು ಅದು ಕಲಿಸಲಾರದು.

ಈ ಅಭ್ಯಾಸಕ್ಕೆ ಈಗ ಎರಡು ಕಡೆಯಿಂದ ಆಕ್ಷೇಪ ಬರುತ್ತಿದೆ. ಪಂಜಾ ಪೂಜೆ ಇಸ್ಲಾಮಿಗೆ ಹೊರತೆಂದು ಒಂದು ಕಡೆಯ ಬೋಧಕರು ಹೇಳಿದರೆ, ಅಲಾವಿ ಹಬ್ಬ ನಮ್ಮದಲ್ಲವೆಂದು ಇನ್ನೊಂದು ಕಡೆಯ ಸಂಘಟಕರು ಹೇಳುತ್ತಾರೆ. ಇಬ್ಬರೂ ಮಾತಾಡುತ್ತಿರುವುದು ಅದೇ ಮೇಳದ ಹುಡುಗರೊಡನೆ. ಮೇಳ ಬಿಟ್ಟ ಹುಡುಗರ ಹೆಸರುಗಳೂ, ಉಳಿದವರು ಕೊನೆಯ ನುಡಿಯಲ್ಲಿ ಈಗ ಯಾರನ್ನು ಗುರುವೆಂದು ಕರೆಯುತ್ತಿದ್ದಾರೆ ಎಂಬುದೂ ರಿವಾಯತ್ ವಹಿಗಳಿಂದಲೇ ತಿಳಿಯಬೇಕು. ಆ ವಹಿಗಳು ಇನ್ನೂ ಹಾಡುಗಾರರ ಮನೆಗಳಲ್ಲಿವೆ.